ಗುಂಡನ್ನು ತಡೆಯುವುದು ಯಾವುದು: ಕಾರಿನ ಬಾಗಿಲೋ, ಮಣ್ಣಿನ ಗೋಡೆಯೋ?

ಕಾರಿನ ಬಾಗಿಲು ಗುಂಡನ್ನು ತಡೆಯುವುದಿಲ್ಲ. ಸಿನಿಮಾದಲ್ಲಿ ನಾಯಕ ಬಾಗಿಲು ತೆರೆದು ಅದರ ಹಿಂದೆ ಕುಳಿತು ಹತ್ತು ಜನರ ಗುಂಡಿನ ದಾಳಿ ಎದುರಿಸುತ್ತಾನಲ್ಲ, ಆ ಬಾಗಿಲಿನ ಹೊರತಗಡು ಒಂದು ಮಿಲಿಮೀಟರ್ ಕೂಡ ದಪ್ಪ ಇರುವುದಿಲ್ಲ. ಬೋರಲು ಹಾಕಿದ ಮೇಜು ತಡೆಯುವುದಿಲ್ಲ, ಸೋಫಾ ತಡೆಯುವುದಿಲ್ಲ, ಫ್ರಿಜ್ಜೂ ಇಲ್ಲ. ಅಜ್ಜನ ಕಾಲದ ಕಬ್ಬಿಣದ ಕಪಾಟು ಕೂಡ ರೈಫಲ್ಲಿನ ಎದುರು ನಿಲ್ಲುವುದಿಲ್ಲ. ಆದರೆ ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಹಳೆಯದಾಯಿತೆಂದು ನಾವೇ ಕೆಡವಿಸುತ್ತಿರುವ ಎರಡು ಮೊಳದ ಮಣ್ಣಿನ ಗೋಡೆ ಇದೆಯಲ್ಲ, ಅದು ಹೆಚ್ಚಿನ ರೈಫಲ್ ಗುಂಡುಗಳನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳಬಲ್ಲದು.

ನಾನು ಬಾಗಲಕೋಟೆಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಹುಡುಗರಲ್ಲಿ ಬಹಳ ಜನಕ್ಕೆ ಮಿಲಿಟರಿ ಭರ್ತಿಯ ಕನಸು. ಬೆಳಿಗ್ಗೆ ಐದಕ್ಕೆದ್ದು ಓಡುತ್ತಾರೆ, ಸಂಜೆ ಮೊಬೈಲಿನಲ್ಲಿ ಬಂದೂಕಿನ ವಿಡಿಯೋ ನೋಡುತ್ತಾರೆ. ಬಾಣಲೆಗೆ ಗುಂಡು ಹೊಡೆಯುವುದು, ಕಲ್ಲಂಗಡಿಗೆ ಹೊಡೆಯುವುದು, ಪುಸ್ತಕದ ರಾಶಿಗೆ ಹೊಡೆಯುವುದು. ಮಾರನೆಯ ದಿನ ತರಗತಿಯಲ್ಲಿ ಪ್ರಶ್ನೆ: "ಸರ್ರ, ಟ್ರ್ಯಾಕ್ಟರ್ ಇಂಜಿನ್ ಹಿಂದ ಕುಂತ್ರ ಗುಂಡು ತಾಗೂದಿಲ್ಲೇನ್ರಿ?" ಈ ಪ್ರಶ್ನೆ ನನಗೆ ಇಷ್ಟ. ಕೆಲಸ ಮತ್ತು ಶಕ್ತಿ, ಒತ್ತಡ, ಸಂವೇಗ, ಪದಾರ್ಥಗಳ ಗುಣ, ಎಲ್ಲ ಪಾಠವೂ ಈ ಒಂದೇ ಪ್ರಶ್ನೆಯಲ್ಲಿದೆ. ವಿಡಿಯೋಗಳು ಕಣ್ಣಿಗೆ ಹಬ್ಬ ಮಾಡಿ ಕಾರಣ ಹೇಳದೆ ಮುಗಿಯುತ್ತವೆ. ಆ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕ್ಯಾಲಿಬರ್. ಗುಂಡಿನ ಅಡ್ಡಳತೆಯೇ ಕ್ಯಾಲಿಬರ್. ನಮ್ಮ ಪೊಲೀಸರು ದಶಕಗಳ ಕಾಲ ಹೆಗಲಿಗೇರಿಸಿದ್ದ 'ತ್ರೀ ನಾಟ್ ತ್ರೀ' ರೈಫಲ್ಲಿನದು .303 ಇಂಚು, ಅಂದರೆ 7.7 ಮಿಲಿಮೀಟರ್. ಸೈನ್ಯಕ್ಕಾಗಿ ನಮ್ಮ ದೇಶದಲ್ಲೇ ಮಾಡಿದ ಇನ್ಸಾಸ್ ರೈಫಲ್ಲಿನದು 5.56 ಮಿಲಿಮೀಟರ್. ಪೊಲೀಸ್ ಪಿಸ್ತೂಲಿನದು 9 ಮಿಲಿಮೀಟರ್. ಸಂಖ್ಯೆ ದೊಡ್ಡದಾದಷ್ಟೂ ಗುಂಡು ಬಲಶಾಲಿ ಎಂದು ಹುಡುಗರು ತಿಳಿಯುತ್ತಾರೆ. ಹಾಗಿದ್ದರೆ ಪಿಸ್ತೂಲಿನ ಗುಂಡು ರೈಫಲ್ಲಿನ ಗುಂಡಿಗಿಂತ ಹೆಚ್ಚು ತೂರಬೇಕಿತ್ತು. ಆಗುವುದು ತಿರುಗಾಮುರುಗಾ.

ಇದಕ್ಕೆ ನಾನು ಕೊಡುವ ಉದಾಹರಣೆ .22 ಮತ್ತು ಇನ್ಸಾಸ್. ಎನ್‌ಸಿಸಿಯಲ್ಲಿ ಹುಡುಗರ ಕೈಗೆ ಕೊಡುವ .22 ರೈಫಲ್ಲಿನ ಗುಂಡು ಸುಮಾರು 5.6 ಮಿಲಿಮೀಟರ್ ಅಡ್ಡಳತೆಯದು. ಇನ್ಸಾಸ್ ಗುಂಡೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಮಾಡಿದ ತೂತನ್ನು ಕಾಗದದ ಗುರಿಹಲಗೆಯಲ್ಲಿ ನೋಡಿದರೆ ಯಾವುದು ಯಾವುದರದ್ದೆಂದು ಹೇಳುವುದು ಕಷ್ಟ. ಈಗ ಲೆಕ್ಕ ಹಾಕಿ. .22ರ ಗುಂಡು 2.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಸುಮಾರು 140 ಜೂಲ್. ಇನ್ಸಾಸ್ ಗುಂಡು 4 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 900 ಮೀಟರ್. ಶಕ್ತಿ 1,600 ಜೂಲಿನ ಮೇಲೆ. ಅಡ್ಡಳತೆ ಒಂದೇ, ಶಕ್ತಿಯಲ್ಲಿ ಹನ್ನೊಂದು ಹನ್ನೆರಡು ಪಟ್ಟು ವ್ಯತ್ಯಾಸ. 8 ಗ್ರಾಮಿನ 9 ಎಂಎಂ ಪಿಸ್ತೂಲ್ ಗುಂಡು ಸೆಕೆಂಡಿಗೆ 360 ಮೀಟರ್ ಹೋಗಿ 500 ಜೂಲಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಎಕೆ-47ರ ಗುಂಡು 2,000 ಜೂಲ್. ಹಳೆಯ ತ್ರೀ ನಾಟ್ ತ್ರೀ 11.3 ಗ್ರಾಂ, ಸೆಕೆಂಡಿಗೆ 744 ಮೀಟರ್, 3,100 ಜೂಲ್. ಹಳೆಯ ಬಂದೂಕೆಂದು ಅದನ್ನು ಹಗುರಾಗಿ ಕಾಣುವವರು ಈ ಸಂಖ್ಯೆಯನ್ನು ಎರಡು ಸಲ ಓದಬೇಕು.

ಶಕ್ತಿಯೊಂದೇ ಸಾಲದು, ಆ ಶಕ್ತಿ ಎಷ್ಟು ಸಣ್ಣ ಜಾಗದ ಮೇಲೆ ಬೀಳುತ್ತದೆ ಎಂಬುದೂ ಮುಖ್ಯ. ಜೋಳದ ಚೀಲ ಹೊಲಿಯುವ ದಬ್ಬಣ ಗೋಣಿತಟ್ಟಿನಲ್ಲಿ ಸಲೀಸಾಗಿ ಇಳಿಯುತ್ತದೆ. ಅಷ್ಟೇ ಬಲ ಹಾಕಿ ಹೆಬ್ಬೆರಳು ಒತ್ತಿದರೆ ಗೋಣಿ ಬರೀ ತಗ್ಗು ಬೀಳುತ್ತದೆ. ರೈಫಲ್ಲಿನ ಉದ್ದನೆಯ ಚೂಪು ಗುಂಡು ದಬ್ಬಣದ ಜಾತಿ. ಪಿಸ್ತೂಲಿನ ಗಿಡ್ಡ, ಮೊಂಡು ಗುಂಡು ಹೆಬ್ಬೆರಳಿನ ಜಾತಿ. ಗುಂಡಿನ ಒಡಲಲ್ಲಿ ಏನಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬರೀ ಸೀಸವಾದರೆ ಬಡಿದ ಕೂಡಲೇ ಅಗಲವಾಗಿ ಅಪ್ಪಚ್ಚಿಯಾಗುತ್ತದೆ. ಸೀಸದ ಮೇಲೆ ತಾಮ್ರದ ಕವಚವಿದ್ದರೆ ಆಕಾರ ಉಳಿಸಿಕೊಂಡು ಆಳಕ್ಕೆ ಹೋಗುತ್ತದೆ. ಒಳಗೆ ಗಟ್ಟಿ ಉಕ್ಕಿನ ತಿರುಳಿದ್ದರೆ ಅದರ ಲೆಕ್ಕವೇ ಬೇರೆ.

ಹೀಗಾಗಿ 'ಇದು ಗುಂಡು ತಡೆಯುತ್ತದೆಯೇ?' ಎಂದು ಕೇಳುವುದೇ ಅರ್ಧ ಪ್ರಶ್ನೆ. ಯಾವ ಗುಂಡು, ಎಷ್ಟು ದೂರದಿಂದ, ಯಾವ ಕೋನದಲ್ಲಿ, ಒಂದೋ ಹತ್ತೋ? ಇಷ್ಟು ಕೇಳಿದ ಮೇಲೆಯೇ ಉತ್ತರಕ್ಕೆ ಅರ್ಥ.

ತಗಡಿನ ವಸ್ತುಗಳನ್ನು ಬೇಗ ಮುಗಿಸಿಬಿಡೋಣ. ನ್ಯಾಟೋ ದೇಶಗಳು 5.56 ಎಂಎಂ ಗುಂಡಿಗೆ ಇಟ್ಟ ಪರೀಕ್ಷೆಯಲ್ಲಿ, ಸುಮಾರು 600 ಮೀಟರ್ ದೂರದಿಂದ ಮೂರೂವರೆ ಮಿಲಿಮೀಟರ್ ಉಕ್ಕಿನ ಹಾಳೆ ತೂರಬೇಕು. ಬಾಗಲಕೋಟೆ ಬಸ್ ನಿಲ್ದಾಣದ ಅಂಗಡಿಸಾಲಿನ ಷಟರ್, ಕಾರಿನ ಬಾಗಿಲು, ಪತ್ರಾಸಿನ ಶೆಡ್ಡು, ಟ್ರ್ಯಾಕ್ಟರಿನ ಬಾನೆಟ್ ಇವೆಲ್ಲ ಅದರ ಅರ್ಧದಷ್ಟೂ ದಪ್ಪವಿಲ್ಲ. 9 ಎಂಎಂ ಪಿಸ್ತೂಲ್ ಕೂಡ ಕಾರಿನ ಬಾಗಿಲು ದಾಟುತ್ತದೆ, ಒಳಗಿನ ಕಿಟಕಿಯ ಯಂತ್ರಕ್ಕೋ ಬಾಗಿಲಿನ ಅಡ್ಡಪಟ್ಟಿಗೋ ತಗುಲಿದರೆ ಮಾತ್ರ ನಿಲ್ಲಬಹುದು. ಅದು ಅದೃಷ್ಟ, ರಕ್ಷಣೆಯಲ್ಲ. ಕಾರಿನಲ್ಲಿ ನಂಬಬಹುದಾದ ಜಾಗ ಎರಡೇ: ಇಂಜಿನ್ನಿನ ಎರಕದ ಗಡ್ಡೆ, ಮತ್ತು ಚಕ್ರದ ನಡುವಿನ ಡಿಸ್ಕು, ಹಬ್ಬು, ಆಕ್ಸಲ್ ಸೇರಿದ ಭಾಗ. ಟ್ರ್ಯಾಕ್ಟರ್ ಕೇಳಿದ ಹುಡುಗನಿಗೆ ನನ್ನ ಉತ್ತರವೂ ಅದೇ. ಇಂಜಿನ್ ಗಡ್ಡೆಯ ಹಿಂದೆ ಕುಳಿತರೆ ಸರಿ, ಆದರೆ ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಬಯಲಿದೆ. ಕಾಲು ಎಲ್ಲಿವೆ ನೋಡಿಕೋ. ದೊಡ್ಡ ಹಿಂಗಾಲಿಯ ಟೈರು ಕಣ್ಣಿಗೆ ಕೋಟೆಯಂತೆ ಕಂಡರೂ ಒಳಗಿರುವುದು ಗಾಳಿ.

ಇನ್ನು ಉಸುಕು ಮತ್ತು ಮಣ್ಣು. ಇದನ್ನು ನಿಧಾನವಾಗಿಯೇ ಹೇಳಬೇಕು.

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರವಿದೆ. ಅಲ್ಲಿ ತರಬೇತಿ ಪಡೆದು, ಸೇವೆ ಮುಗಿಸಿ ಬಂದ ಸುಬೇದಾರರೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ಓಣಿಗೆಲ್ಲ ಅವರು ಸುಬೇದಾರ ಕಾಕಾ. ಗುಂಡು ಹಾರಿಸುವ ಬಯಲಿಗೆ ಸೈನಿಕರು ಚಾಂದಮಾರಿ ಎನ್ನುತ್ತಾರೆ. ಗುರಿಹಲಗೆಗಳ ಹಿಂದೆ ಅಲ್ಲಿ ಎತ್ತರದ ಮಣ್ಣಿನ ಒಡ್ಡು ಇರುತ್ತದೆ. ವರ್ಷಗಟ್ಟಲೆ ಸಾವಿರಾರು ಜನ ಹಾರಿಸುವ ಗುಂಡು ಆ ಒಡ್ಡಿನಲ್ಲೇ ಮುಗಿಯಬೇಕು. ಅಷ್ಟು ದೊಡ್ಡ ಸೈನ್ಯ ಅಲ್ಲಿ ಉಕ್ಕಿನ ಗೋಡೆ ಯಾಕೆ ಕಟ್ಟಲಿಲ್ಲ ಎಂದು ಕೇಳಿದೆ. ಕಾಕಾ ಹೇಳಿದ್ದು: "ಉಕ್ಕು ಗುಂಡ ಹೊಳ್ಳಿ ಒಗೀತದ ಮಾಸ್ತರ. ಮಣ್ಣ ನುಂಗತದ. ಒಡ್ಡಿಗೆ ಹೊಸಾ ಮಣ್ಣ ಹಾಕೂ ಮುಂದ ಸಾಣಿಸಿ ಹಾಕ್ತಿದ್ವಿ. ಒಂದ ಹರಳ ಉಳದ್ರೂ ಗುಂಡು ಎತ್ತಾಗ ಹಾರತದ ಹೇಳಾಕ ಬರಂಗಿಲ್ಲ."

ಒಡ್ಡು ಕೆದರಿದಾಗ ಸಿಗುವ ಗುಂಡು ಹೇಗಿರುತ್ತದೆಂದು ಅವರು ವಿವರಿಸಿದರು. ಚೂಪು ಮೊನೆ ಇರುವುದೇ ಇಲ್ಲ. ತಾಮ್ರದ ಕವಚ ಉದ್ದಕ್ಕೆ ಸೀಳಿ ಹೊರಕ್ಕೆ ಸುರುಳಿಯಾಗಿರುತ್ತದೆ. ಒಳಗಿನ ಸೀಸ ಹಿಂಬದಿಯಿಂದ ಹಿಂಡಿಕೊಂಡು ಹೊರಬಂದಿರುತ್ತದೆ, ಅದರ ಮೈತುಂಬ ಉಸುಕಿನ ಕಣ ಕಚ್ಚಿಕೊಂಡಿರುತ್ತವೆ. ಕೆಲವು ಕಡೆ ಗುಂಡೇ ಇಲ್ಲ, ಚೂರುಗಳಷ್ಟೆ. ನಾಲ್ಕು ಬೆರಳು ಅಗೆದರೆ ಅಪ್ಪಚ್ಚಿಯಾದ ಪಿಸ್ತೂಲಿನ ಗುಂಡು ಸಿಗುವುದೂ ಉಂಟು.

ಒಳಗೆ ನಡೆಯುವುದೇನು? ಗುಂಡು ಉಸುಕಿಗೆ ಹೊಕ್ಕಾಗ ಎದುರಿಗಿರುವ ಪ್ರತಿ ಕಣವನ್ನೂ ಅದು ದಾರಿಯಿಂದ ಸರಿಸಬೇಕು. ಸರಿಸಿದ ಕಣ ಪಕ್ಕದ ಕಣಕ್ಕೆ ಗುದ್ದುತ್ತದೆ, ಅದು ಇನ್ನೊಂದಕ್ಕೆ. ಹೀಗೆ ಗುಂಡಿನ ಚಲನೆ ಸಾವಿರಾರು ಕಣಗಳಿಗೆ ಹಂಚಿಹೋಗುತ್ತದೆ. ಈ ಎದುರೊತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಜೊತೆಗೆ ಉಸುಕು ಗಟ್ಟಿ ಬೆಣಚಿನ ಹರಳು, ತಾಮ್ರವನ್ನು ಉಜ್ಜಿ ತಿನ್ನುತ್ತದೆ. ಗಾಳಿಯಲ್ಲಿ ಗಿರಗಿರನೆ ಸುತ್ತುತ್ತ ನೇರವಾಗಿ ಬಂದ ಉದ್ದ ಗುಂಡು ಉಸುಕಿನಲ್ಲಿ ಆ ಸಮತೋಲ ಕಳೆದುಕೊಂಡು ಅಡ್ಡ ತಿರುಗುತ್ತದೆ. ಚೂಪು ಮೊನೆಯ ಬದಲು ಈಗ ಅದರ ಇಡೀ ಬದಿಯೇ ಉಸುಕಿಗೆ ಎದುರು. ತಡೆ ಒಮ್ಮೆಲೇ ಹಲವು ಪಟ್ಟು ಏರಿ, ಗುಂಡು ಬಾಗುತ್ತದೆ ಇಲ್ಲವೆ ಮುರಿಯುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದ ಬ್ರಿಟಿಷ್ ಸೈನ್ಯದ ಕೈಪಿಡಿಗಳಲ್ಲಿ ತ್ರೀ ನಾಟ್ ತ್ರೀ ಗುಂಡು ಯಾವ ವಸ್ತುವಿನಲ್ಲಿ ಎಷ್ಟು ಆಳ ಹೋಗುತ್ತದೆ ಎಂಬ ಪಟ್ಟಿಯಿದೆ. ಕಂದಕ ತೋಡಿ ಬದುಕಬೇಕಾದ ಸೈನಿಕನಿಗಾಗಿ ಮಾಡಿದ್ದು, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ. ಚೀಲದಲ್ಲಿ ತುಂಬಿದ ಉಸುಕಿನಲ್ಲಿ 18 ಇಂಚು. ಸಡಿಲ ಉಸುಕಿನಲ್ಲಿ 30. ಓಕ್‌ನಂಥ ಗಟ್ಟಿ ಮರದಲ್ಲಿ 38. ಕಲ್ಲಿಲ್ಲದ ಸಡಿಲ ಮಣ್ಣಿನಲ್ಲಿ 40. ಮೆದು ಮರದಲ್ಲಿ 58. ಜಿಗುಟು ಮಣ್ಣಿನಲ್ಲಿ 60 ಇಂಚು. ಅಂದರೆ ಒಂದು ಮೊಳ ಉಸುಕಿನ ಚೀಲ ಮಾಡುವ ಕೆಲಸಕ್ಕೆ ಎರಡು ಮೊಳಕ್ಕೂ ಮೀರಿದ ಗಟ್ಟಿ ಮರ ಬೇಕು. ನಮ್ಮ ಎರಿಮಣ್ಣೂ ಜಿಗುಟಿನ ಜಾತಿಯದೇ; ಮಳೆಗಾಲದಲ್ಲಿ ನೆನೆದು ಮೆತ್ತಗಾದ ಎರಿಯಲ್ಲಿ ಗುಂಡು ಜಾರಿಕೊಂಡು ಆಳಕ್ಕೆ ಇಳಿಯುತ್ತದೆ. ಕೃಷ್ಣೆಯ ದಂಡೆಯ ಉಸುಕು ಅದಕ್ಕಿಂತ ಎಷ್ಟೋ ಮೇಲು.

ಅದೇ ಕೈಪಿಡಿಯಲ್ಲಿ ಇನ್ನೆರಡು ಮಾತಿವೆ, ಓದಿದವರು ಮೊದಲ ಸಲ ನಂಬುವುದಿಲ್ಲ. ಒಂದು, ಮಣ್ಣನ್ನು ಧಮ್ಮಸ್ಸು ಹಾಕಿ ಬಡಿದರೆ ಅದು ಗುಂಡು ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಇನ್ನೊಂದು, ಅತಿ ಹತ್ತಿರದಿಂದ ಹೊಡೆದಾಗ ಗುಂಡು ಕಡಿಮೆ ಆಳಕ್ಕೆ ಹೋಗುತ್ತದೆ. ಎರಡನೆಯದರ ಕಾರಣವನ್ನು ಈಗಾಗಲೇ ನೋಡಿದೆವು. ನಳಿಗೆಯಿಂದ ಆಗಷ್ಟೇ ಹೊರಟ ಗುಂಡಿನ ವೇಗ ಹೆಚ್ಚು, ಉಸುಕಿನ ಎದುರೊತ್ತು ಅದಕ್ಕಿಂತ ಹೆಚ್ಚು, ಹಾಗಾಗಿ ಗುಂಡು ಮೊದಲ ಗೇಣಿನಲ್ಲೇ ಒಡೆಯುತ್ತದೆ. ಕೆಲವು ನೂರು ಮೀಟರ್ ಸಾಗಿ ವೇಗ ತಗ್ಗಿದ ಗುಂಡು ಇಡಿಯಾಗಿ ಉಳಿದು ಇನ್ನೂ ಒಳಗೆ ಹೋಗುತ್ತದೆ. ಉಕ್ಕಿನ ಹಾಳೆಯಲ್ಲಿ ಇದರ ವಿರುದ್ಧ: ಅಲ್ಲಿ ವೇಗವೇ ರಾಜ. ಒಂದೇ ಗುಂಡು ಬಿರುಸಾದ ವಸ್ತುವಿನಲ್ಲಿ ಒಂದು ರೀತಿ, ಸಡಿಲ ವಸ್ತುವಿನಲ್ಲಿ ಇನ್ನೊಂದು ರೀತಿ ವರ್ತಿಸುವುದರಿಂದ, 'ಉಕ್ಕು ತೂರಿದ ಗುಂಡು ಮಣ್ಣು ತೂರುವುದಿಲ್ಲವೇ?' ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ.

ನಮ್ಮ ಭಾಗದಲ್ಲಿ ಈ ತಿಳಿವಳಿಕೆ ಕಟ್ಟಡದಲ್ಲೇ ಕಾಣುತ್ತದೆ. ವಿಜಯಪುರದ ಆದಿಲಶಾಹಿ ಕೋಟೆಯ ಸುತ್ತಳತೆ ಸುಮಾರು 10 ಕಿಲೋಮೀಟರ್. ಹೊರಗಿನಿಂದ ನೋಡಿದರೆ ಪೂರಾ ಕಲ್ಲೇ ಅನ್ನಿಸುತ್ತದೆ. ಗೋಡೆ ಕುಸಿದ ಕಡೆ ಹೋಗಿ ನಿಂತು ನೋಡಿ: ಹೊರಗೊಂದು ಕಲ್ಲಿನ ಗೋಡೆ, ಒಳಗೊಂದು ಕಲ್ಲಿನ ಗೋಡೆ, ನಡುವೆ ತುಂಬಿದ್ದು ಮಣ್ಣು. ತೋಪಿನ ಗುಂಡು ಹೊರಗಿನ ಕಲ್ಲು ಒಡೆದರೂ ಮಣ್ಣಿನಲ್ಲಿ ಸೋಲಬೇಕು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪಿನ ಬಾಯಿ ಸುಮಾರು 70 ಸೆಂಟಿಮೀಟರ್ ಅಗಲ. ಅಂಥ ತೋಪುಗಳ ಕಾಲದ ಗೋಡೆಗೆ ದಪ್ಪವೇ ದೊಡ್ಡ ಆಸರೆ. ಅಲ್ಲಿ ಮಣ್ಣನ್ನು ಬಡಿದೇ ತುಂಬಿದ್ದಾರೆ, ಇಲ್ಲದಿದ್ದರೆ ಅಷ್ಟೆತ್ತರದ ಗೋಡೆ ನಿಲ್ಲುತ್ತಿರಲಿಲ್ಲ. ಬಡಿದದ್ದರಿಂದ ಆಗುವ ಸ್ವಲ್ಪ ನಷ್ಟವನ್ನು ಹತ್ತಾರು ಅಡಿ ದಪ್ಪ ತುಂಬಿಕೊಡುತ್ತದೆ. ಹಳ್ಳಿಗಳ ಹುಡೇವುಗಳಲ್ಲೂ, ಅಂದರೆ ಹಳೆಯ ಕಾವಲು ಬುರುಜುಗಳಲ್ಲೂ, ಇದೇ ರೀತಿ: ಕಲ್ಲು, ಮಣ್ಣು, ಮೈತುಂಬ ದಪ್ಪ, ಹೊರಗೆ ಬೆರಳಗಲ ಕಂಡು ಒಳಗೆ ಅಗಲವಾಗುವ ಬಂದೂಕಿನ ಕಿಂಡಿಗಳು. ಅಂಥ ಹುಡೇವನ್ನು ಜೆಸಿಬಿ ಹಚ್ಚಿ ಸಪಾಟು ಮಾಡುವುದನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಜೋಳದ ಚೀಲದ ಬಗ್ಗೆಯೂ ಹುಡುಗರು ಕೇಳುತ್ತಾರೆ, ಮನೆಯಲ್ಲಿ ಅದೇ ಒಟ್ಟಿರುತ್ತದಲ್ಲ. ಕಾಳು ಉಸುಕಿನಂತೆಯೇ ಸರಿದು ತಡೆಯುತ್ತದೆ, ಆದರೆ ಅಷ್ಟೇ ಅಳತೆಯ ಉಸುಕಿನ ಅರ್ಧದಷ್ಟು ತೂಕ. ತಡೆ ಸಾಂದ್ರತೆಯನ್ನು ಅವಲಂಬಿಸಿರುವುದರಿಂದ ಚೀಲದ ಮೇಲೆ ಚೀಲ, ಸಾಲಿನ ಹಿಂದೆ ಸಾಲು ಬೇಕಾಗುತ್ತದೆ. ಬೈಲಹೊಂಗಲ ಕಡೆಯ ಜಿನ್ನಿಂಗ್ ಮಿಲ್ಲಿನಲ್ಲಿ ಒತ್ತಿ ಕಟ್ಟಿದ ಅರಳೆಯ ಬೇಲು ಕೂಡ ದಪ್ಪವಿದ್ದರೆ ಗುಂಡು ತಡೆಯುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ನದಿಯ ಹಡಗುಗಳ ಅಂಚಿಗೆ ಅರಳೆಯ ಬೇಲುಗಳನ್ನೇ ಒಟ್ಟಿ ಯುದ್ಧ ಮಾಡಿದ್ದುಂಟು. ಅದರ ದೊಡ್ಡ ದೋಷ ಬೆಂಕಿ.

ನೀರಿನ ಕಥೆ ಚಿಕ್ಕದು. ಗಾಳಿಗಿಂತ ನೀರು ಸುಮಾರು 800 ಪಟ್ಟು ಸಾಂದ್ರ. ಅತಿವೇಗದ ರೈಫಲ್ ಗುಂಡು ನೀರಿಗೆ ಬಡಿದ ಒಂದು ಮೀಟರಿನೊಳಗೇ ಚೂರಾಗುವುದು ಸಾಮಾನ್ಯ. ನಿಧಾನದ ಪಿಸ್ತೂಲ್ ಗುಂಡು ಇಡಿಯಾಗಿ ಉಳಿದು ಅದಕ್ಕಿಂತ ಮುಂದೆ ಹೋಗುತ್ತದೆ. ಮಾಳಿಗೆಯ ಮೇಲಿನ ಸಾವಿರ ಲೀಟರಿನ ಪ್ಲಾಸ್ಟಿಕ್ ಟಾಕಿ ತುಂಬಿರುವಾಗ ಮೊದಲ ಗುಂಡಿಗೆ ಒಳ್ಳೆಯ ತಡೆ. ತೂತು ಬಿದ್ದ ಮೇಲೆ ನೀರು ಆ ಮಟ್ಟಕ್ಕೆ ಇಳಿಯುತ್ತದೆ, ತಡೆಯೂ ಅದರ ಜೊತೆಗೇ ಹೋಗುತ್ತದೆ.

ಇಟ್ಟಂಗಿ ಗೋಡೆ ಹೇಗೆ? ಒಂಬತ್ತು ಇಂಚಿನ ಸುಟ್ಟ ಇಟ್ಟಂಗಿ ಪಿಸ್ತೂಲಿಗೆ ಜಗ್ಗುವುದಿಲ್ಲ, ರೈಫಲ್ಲಿನ ಒಂದೆರಡು ಗುಂಡಿಗೂ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಆದರೆ ಅದು ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುವ ವಸ್ತು. 200 ಗಜ ದೂರದಿಂದ ಒಂದೇ ಜಾಗಕ್ಕೆ 150 ಗುಂಡು ಹೊಡೆದರೆ ಒಂಬತ್ತು ಇಂಚಿನ ಗೋಡೆಯಲ್ಲಿ ಕಂಡಿ ಬೀಳುತ್ತದೆ ಎಂದು ಅದೇ ಕೈಪಿಡಿ ಬರೆದಿದೆ. ಈಗ ಎಲ್ಲ ಕಡೆ ಕಟ್ಟುತ್ತಿರುವ ಟೊಳ್ಳು ಸಿಮೆಂಟ್ ಬ್ಲಾಕು ಇದಕ್ಕಿಂತ ಎಷ್ಟೋ ಬಡವು, ಏಕೆಂದರೆ ಅದರ ಎರಡು ತೆಳು ಪದರಗಳ ನಡುವೆ ಬರೀ ಬಯಲು. ಆ ಟೊಳ್ಳಿಗೆ ಉಸುಕು ತುಂಬಿದರೆ ಅದೇ ಬ್ಲಾಕಿನ ಗುಣ ಬದಲಾಗುತ್ತದೆ.

ಇಳಕಲ್ಲಿನ ಕೆಂಪು ಗ್ರಾನೈಟ್ ಬಹಳ ಗಟ್ಟಿ, ಗೇಣು ದಪ್ಪದ ದಿಮ್ಮಿಯನ್ನು ಕೈಬಂದೂಕು ತೂರುವುದಿಲ್ಲ. ಆದರೂ ಅದರ ಹತ್ತಿರ ಕೂರಲು ನಾನು ಹೇಳುವುದಿಲ್ಲ. ಗಟ್ಟಿ ಕಲ್ಲಿಗೆ ಓರೆಯಾಗಿ ಬಡಿದ ಗುಂಡು ಅದರ ಮೈಯನ್ನು ಸವರಿಕೊಂಡೇ ಮುಂದೆ ಚಿಮ್ಮುತ್ತದೆ. ನೇರ ಬಡಿದರೆ ಸೀಸ ಚೂರಾಗಿ ಸುತ್ತಲೂ ಸಿಡಿಯುತ್ತದೆ, ಜೊತೆಗೆ ಕಲ್ಲಿನ ಚಕ್ಕೆಗಳು ಕಣ್ಣಿಗೆ ಹಾರುತ್ತವೆ. ತೆಳು ಶಹಾಬಾದಿ ಪರಸಿಗಲ್ಲಾದರೆ ಇನ್ನೊಂದು ತೊಂದರೆ: ಏಟಿನ ಅಲೆ ಕಲ್ಲಿನೊಳಗೆ ಸಾಗಿ ಹಿಂಬದಿಯ ಮೈಯಿಂದ ಚಕ್ಕೆ ಕಿತ್ತು ಒಗೆಯುತ್ತದೆ. ಗುಂಡು ದಾಟದಿದ್ದರೂ ಹಿಂದೆ ಕುಳಿತವನಿಗೆ ಗಾಯ. ಕಾಂಕ್ರೀಟಿಗೂ ಇದು ಅನ್ವಯ.

ಪುಸ್ತಕದ ವಿಷಯ ಬಂದಾಗ ನಾನು ದನಿ ಏರಿಸಿ ಹೇಳುತ್ತೇನೆ. ಒತ್ತಾಗಿ ಜೋಡಿಸಿದ ಕಾಗದ ನಿಜಕ್ಕೂ ಒಳ್ಳೆಯ ತಡೆ. ಸಾಕಷ್ಟು ದಪ್ಪನೆಯ ಕಟ್ಟು ಪಿಸ್ತೂಲಿನ ಗುಂಡನ್ನು ನಿಲ್ಲಿಸುತ್ತದೆ. ಈ ಅರ್ಧ ಸತ್ಯ ನಂಬಿಕೊಂಡು 2017ರಲ್ಲಿ ಅಮೆರಿಕದ ಮಿನೆಸೊಟಾದಲ್ಲಿ ಒಬ್ಬ ತರುಣ ಎದೆಗೆ ದಪ್ಪ ರಟ್ಟಿನ ವಿಶ್ವಕೋಶ ಹಿಡಿದು ನಿಂತ, ವಿಡಿಯೋಗಾಗಿ ಗೆಳತಿಯಿಂದ ದೊಡ್ಡ ಕ್ಯಾಲಿಬರಿನ ಪಿಸ್ತೂಲು ಹಾರಿಸಿಕೊಂಡ. ಗುಂಡು ಪುಸ್ತಕ ದಾಟಿತು, ಆತ ಸತ್ತ. ಮೊದಲು ಬೇರೆ ಪುಸ್ತಕದ ಮೇಲೆ ಪರೀಕ್ಷೆ ಮಾಡಿ ನೋಡಿದ್ದನಂತೆ. ಒಂದು ಪುಸ್ತಕ ಒಂದು ಸಲ ತಡೆದದ್ದು ಇನ್ನೊಂದು ಪುಸ್ತಕದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕಾಗದದ ದಪ್ಪ, ಬಿಗಿ, ಗುಂಡಿನ ವೇಗ, ತಾಗಿದ ಜಾಗ ಎಲ್ಲ ಬೇರೆ.

ಬಟ್ಟೆಯೂ ಗುಂಡು ತಡೆಯುತ್ತದೆ, ಮತ್ತು ಆ ಮಾತು ರೇಷ್ಮೆಯಿಂದ ಶುರುವಾಯಿತು. ಅಮೆರಿಕದ ಅರಿಜೋನಾದ ವೈದ್ಯ ಜಾರ್ಜ್ ಗುಡ್‌ಫೆಲೊ ಗುಂಡೇಟಿನ ಗಾಯಗಳನ್ನು ಪರೀಕ್ಷಿಸುವಾಗ, ಗುಂಡು ಮೈಯೊಳಗೆ ಹೋಗಿದ್ದರೂ ರೇಷ್ಮೆಯ ಕರವಸ್ತ್ರ ಹರಿಯದೆ ಗುಂಡಿನ ಜೊತೆಗೇ ಒಳಗೆ ಹೋಗಿದ್ದನ್ನು ಕಂಡರು. 1887ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಮುಂದೆ ಶಿಕಾಗೊದಲ್ಲಿದ್ದ ಪೋಲೆಂಡಿನ ಪಾದ್ರಿ ಕಾಜಿಮಿಯೆರ್ ಜೆಗ್ಲೆನ್ ರೇಷ್ಮೆಯ ಪದರಗಳಿಂದ ಅಂಗಿಯನ್ನೇ ಮಾಡಿದರು. ಇಳಕಲ್ ಸೀರೆಯ ರೇಷ್ಮೆ ಸೆರಗನ್ನು ಹಿಡಿದೆಳೆದವರಿಗೆ ಆ ಎಳೆಯ ಗಟ್ಟಿತನ ಗೊತ್ತಿರುತ್ತದೆ. ಹರಿಯುವ ಮುಂಚೆ ಅದು ಹಿಗ್ಗುತ್ತದೆ, ಹಿಗ್ಗುತ್ತ ಶಕ್ತಿ ಹೀರುತ್ತದೆ. 1965ರಲ್ಲಿ ಡ್ಯುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞೆ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ ಕೆವ್ಲಾರ್ ಎಳೆಗೆ ಅಷ್ಟೇ ತೂಕದ ಉಕ್ಕಿನ ಎಳೆಗಿಂತ ಸುಮಾರು ಐದು ಪಟ್ಟು ಎಳೆಬಲ. ಇಂಥ ನೇಯ್ಗೆಯ ಹತ್ತಾರು ಪದರಗಳಿಗೆ ಪಿಸ್ತೂಲಿನ ಗುಂಡು ಬಡಿದಾಗ ಸೀಸ ಅಗಲವಾಗಿ ಚಪ್ಪಟೆಯಾಗುತ್ತದೆ, ಆ ಜಾಗದ ಎಳೆಗಳು ಏಟನ್ನು ಅಡ್ಡಹಾಸು ಉದ್ದಹಾಸು ಎರಡೂ ದಿಕ್ಕಿಗೆ ಒಯ್ಯುತ್ತವೆ.

ರೈಫಲ್ಲಿನ ಗುಂಡಿಗೆ ಬಟ್ಟೆ ಸಾಲದು. ಅಲ್ಲಿ ಎದುರಿಗೆ ಸೆರಾಮಿಕ್ ಫಲಕ ಇಡುತ್ತಾರೆ: ಅಲ್ಯೂಮಿನಾ, ಸಿಲಿಕಾನ್ ಕಾರ್ಬೈಡ್, ಬೋರಾನ್ ಕಾರ್ಬೈಡ್. ಭಾಭಾ ಅಣು ಸಂಶೋಧನಾ ಕೇಂದ್ರದ ತಂತ್ರಜ್ಞಾನದಿಂದ ಹೈದರಾಬಾದಿನ ಮಿಧಾನಿ ತಯಾರಿಸುವ 'ಭಾಭಾ ಕವಚ'ದಲ್ಲಿರುವುದೂ ಬೋರಾನ್ ಕಾರ್ಬೈಡೇ. ಫಲಕ ಗುಂಡಿಗಿಂತ ಗಟ್ಟಿ, ಆದ್ದರಿಂದ ಮೊನೆ ಅಲ್ಲಿ ಒಡೆಯುತ್ತದೆ, ಫಲಕವೂ ಒಡೆಯುತ್ತದೆ. ಒಡೆದ ಚೂರುಗಳನ್ನು ಹಿಂದಿನ ಎಳೆಯ ಪದರ ಹಿಡಿಯುತ್ತದೆ. ಮನೆಯ ನೆಲದ ಟೈಲ್ಸ್ ಕೂಡ ಸೆರಾಮಿಕ್ಕೇ ಅಲ್ಲವೇ ಎಂದು ಒಬ್ಬ ಜಾಣ ಹುಡುಗ ಕೇಳಿದ್ದ. ಹೌದು, ಆದರೆ ಅದು ತೆಳು, ಅಷ್ಟು ಗಟ್ಟಿಯಲ್ಲ, ಹಿಂದೆ ಹಿಡಿಯುವ ಪದರವಿಲ್ಲ. ಚೂರು ಮಾತ್ರ ಹೆಚ್ಚಾಗುತ್ತವೆ. ಇನ್ನು ಗಲಾಟೆಯ ದಿನ ಪೊಲೀಸರ ಕೈಯಲ್ಲಿ ಕಾಣುವ ಪಾರದರ್ಶಕ ಗುರಾಣಿ ಕಲ್ಲೇಟಿಗೆ ಮಾಡಿದ್ದು, ಗುಂಡಿಗಲ್ಲ.

ನಿಜವಾದ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ತಿಳಿದರೆ ವಿಡಿಯೋಗಳ ಕೊರತೆ ಎದ್ದು ಕಾಣುತ್ತದೆ. ಅಮೆರಿಕದ ರಾಷ್ಟ್ರೀಯ ನ್ಯಾಯ ಸಂಸ್ಥೆ (ಎನ್‌ಐಜೆ) ಗುಂಡು ತಡೆಯುವ ಜಾಕೆಟ್ಟುಗಳಿಗೆ ಇಟ್ಟ ಮಾನದಂಡದಲ್ಲಿ ಬಂದೂಕನ್ನು ಸ್ಟ್ಯಾಂಡಿಗೆ ಬಿಗಿದು, ಪಿಸ್ತೂಲಾದರೆ 5 ಮೀಟರ್, ರೈಫಲ್ಲಾದರೆ 15 ಮೀಟರ್ ದೂರದಿಂದ ಹೊಡೆಯುತ್ತಾರೆ. ದಾರಿಯಲ್ಲಿ ಬೆಳಕಿನ ಎರಡು ಪರದೆಗಳು ಪ್ರತಿ ಗುಂಡಿನ ವೇಗ ಅಳೆಯುತ್ತವೆ. ವೇಗ ನಿಗದಿತ ಮಿತಿಯಲ್ಲಿ ಇಲ್ಲದಿದ್ದರೆ ಆ ಏಟು ಲೆಕ್ಕಕ್ಕಿಲ್ಲ. ಜಾಕೆಟ್ಟನ್ನು ಒದ್ದೆ ಮಾಡಿಯೂ ಹೊಡೆಯುತ್ತಾರೆ, ಓರೆಯಿಂದಲೂ ಹೊಡೆಯುತ್ತಾರೆ, ಅಂಚಿನ ಹತ್ತಿರವೂ ಹೊಡೆಯುತ್ತಾರೆ. ಹಿಂದೆ ಮೆತ್ತನೆಯ ಜೇಡಿಯ ಒಂದು ಗಟ್ಟಿ ಇಟ್ಟಿರುತ್ತಾರೆ. ಗುಂಡು ನಿಂತರಷ್ಟೇ ಸಾಲದು, ಜೇಡಿಯಲ್ಲಿ ಮೂಡಿದ ತಗ್ಗು 44 ಮಿಲಿಮೀಟರ್ ಮೀರಬಾರದು. ಆ ತಗ್ಗು ನಿಜವಾದ ಮೈಯಲ್ಲಾದರೆ ಪಕ್ಕೆಲುಬು ಮುರಿತ, ಒಳಗಾಯ. ಜಾಕೆಟ್ ತೊಟ್ಟವನು ಗುಂಡು ತಾಗಿದ ಮೇಲೂ ಓಡುತ್ತಿರುತ್ತಾನೆ ಎನ್ನುವುದು ಪರದೆಯ ಮೇಲಿನ ಮಾತು.

ಇನ್ನೊಂದು ಅಳತೆ ನನಗೆ ಬಹಳ ಇಷ್ಟವಾದದ್ದು. ಒಂದೇ ವಸ್ತುವಿಗೆ ಬೇರೆ ಬೇರೆ ವೇಗದಲ್ಲಿ ಗುಂಡು ಹೊಡೆಯುತ್ತ ಹೋಗಿ, ಯಾವ ವೇಗದಲ್ಲಿ ಅರ್ಧ ಗುಂಡುಗಳು ದಾಟಿ ಅರ್ಧ ನಿಲ್ಲುತ್ತವೆ ಎಂದು ಕಂಡುಹಿಡಿಯುತ್ತಾರೆ. ಅದಕ್ಕೆ ವಿ-50 ಎಂದು ಹೆಸರು. ತಡೆಯುವುದೆಂದರೆ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರವಲ್ಲ, ಸಂಭವನೀಯತೆ ಎಂಬುದನ್ನು ಈ ಒಂದು ಸಂಖ್ಯೆ ಒಪ್ಪಿಕೊಳ್ಳುತ್ತದೆ. ವಿಡಿಯೋದ ಒಂದು ಏಟಿಗೆ ಆ ಶಿಸ್ತು ಇಲ್ಲ. ಎನ್‌ಐಜೆಯ ಹಿಂದಿನ ದರ್ಜೆಗಳಲ್ಲಿ ಮೂರು-ಎ ಎಂದರೆ ಪಿಸ್ತೂಲುಗಳಿಗಷ್ಟೇ, ಮೂರು ಎಂದರೆ 7.62 ಎಂಎಂ ರೈಫಲ್ಲಿಗೆ, ನಾಲ್ಕು ಎಂದರೆ ಉಕ್ಕಿನ ತಿರುಳಿನ ಗುಂಡಿಗೆ. ನಮ್ಮಲ್ಲೂ ಭಾರತೀಯ ಮಾನಕ ಬ್ಯೂರೋ 2018ರಲ್ಲಿ ಐಎಸ್ 17051 ಎಂಬ ಮಾನದಂಡ ತಂದಿದೆ. ಜಾಕೆಟ್ ಕಂಡಾಗ ಮೊದಲು ನೋಡಬೇಕಾದದ್ದು ಈ ದರ್ಜೆಯನ್ನೇ.

ಮನೆಯಲ್ಲಿ ಪರೀಕ್ಷಿಸುವ ಮಾತನ್ನು ನನ್ನ ತರಗತಿಯಲ್ಲಿ ನಾನು ಆಡಗೊಡುವುದಿಲ್ಲ. ಬೆಳೆ ಕಾಯಲೆಂದು ಪರವಾನಗಿ ಪಡೆದ ಬಂದೂಕು ನಮ್ಮ ಕಡೆಯ ಹಲವು ಮನೆಗಳಲ್ಲಿ ಇದೆ. ಬಂದೂಕಿನ ಬಗ್ಗೆ ಇಲ್ಲಿಯ ಜನಕ್ಕೆ ಅಭಿಮಾನವೂ ಹಳೆಯದು; 1857ರಲ್ಲಿ ಆಯುಧ ಒಪ್ಪಿಸಿ ಎಂದ ಬ್ರಿಟಿಷರಿಗೆ ಮುಧೋಳ ಬಳಿಯ ಹಲಗಲಿಯ ಬೇಡರು ಎದುರು ನಿಂತ ನೆಲ ಇದು. ಆ ಅಭಿಮಾನ ಮದುವೆಯ ಮೆರವಣಿಗೆಯಲ್ಲಿ ಆಕಾಶಕ್ಕೆ ಗುಂಡು ಹಾರಿಸುವುದಕ್ಕೆ ಇಳಿದಾಗ ಭೌತಶಾಸ್ತ್ರ ಸುಮ್ಮನಿರುವುದಿಲ್ಲ. ನೆಟ್ಟಗೆ ಮೇಲಕ್ಕೆ ಹಾರಿಸಿದ ರೈಫಲ್ ಗುಂಡು ಗಾಳಿಯ ತಡೆಗೆ ಸಿಕ್ಕು ಸೆಕೆಂಡಿಗೆ ಸುಮಾರು 90 ಮೀಟರ್ ವೇಗದಲ್ಲಿ ಕೆಳಗೆ ಬೀಳುತ್ತದೆ ಎಂದು ಅಮೆರಿಕದ ಸೈನ್ಯ 1920ರ ಸುಮಾರಿನಲ್ಲೇ ಅಳೆದು ನೋಡಿದೆ. ತಲೆಬುರುಡೆ ಒಡೆಯಲು 60 ಮೀಟರ್ ವೇಗ ಸಾಕು. ಕೈಯಲ್ಲಿ ಹಿಡಿದು ಹಾರಿಸುವಾಗ ಬಂದೂಕು ಯಾವತ್ತೂ ನೆಟ್ಟಗಿರುವುದಿಲ್ಲ. ಓರೆಯಾಗಿ ಹೋದ ಗುಂಡು ಸುತ್ತುತ್ತಲೇ, ಮೊನೆ ಮುಂದಾಗಿ, ಇನ್ನೂ ಹೆಚ್ಚು ವೇಗದಲ್ಲಿ ಎಷ್ಟೋ ದೂರದ ಓಣಿಗೆ ಇಳಿಯುತ್ತದೆ. ಮೆರವಣಿಗೆ ನೋಡಲು ಮಾಳಿಗೆ ಹತ್ತಿದ ಮಕ್ಕಳ ತಲೆಯ ಮೇಲೆ ಇರುವುದು ಹೆಚ್ಚೆಂದರೆ ಒಂದು ಪತ್ರಾಸು. 2019ರ ತಿದ್ದುಪಡಿಯ ನಂತರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಇದು ಸ್ಪಷ್ಟ ಅಪರಾಧ: ಸಂಭ್ರಮಕ್ಕೆಂದು ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.